ಹಡಗಿನ ಪ್ರೊಪೆಲ್ಲರು: ಅದರ ಶಾಸ್ತ್ರ, ಉದ್ಯಮ ಮತ್ತು ಲೋಕದ ಬೇಡಿಕೆ

ನೆಲದ ಮೇಲೆ ನಡೆಯುವವನು ನೆಲವನ್ನು ಹಿಂದಕ್ಕೆ ಒತ್ತಿ ತಾನು ಮುಂದಕ್ಕೆ ಹೋಗುತ್ತಾನೆ. ಹೊಳೆಯಲ್ಲಿ ಈಜುವವನು ನೀರನ್ನು ಹಿಂದಕ್ಕೆ ತಳ್ಳಿ ತಾನು ಮುಂದಕ್ಕೆ ಸರಿಯುತ್ತಾನೆ. ಅಂಬಿಗನು ಹುಟ್ಟಿನಿಂದ ಮಾಡುವುದೂ ಇದನ್ನೇ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯುಂಟೆಂದು ನ್ಯೂಟನ್ ಮಹಾಶಯನು ಹೇಳಿದ ಮೂರನೆಯ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿರುವರು. ಲಕ್ಷಾಂತರ ಟನ್ ಭಾರದ ಹಡಗು ಮಹಾಸಾಗರವನ್ನು ದಾಟುವುದೂ ಇದೇ ನಿಯಮದ ಬಲದಿಂದ. ಅಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಸಾಧನವೇ ಪ್ರೊಪೆಲ್ಲರು. ಕನ್ನಡದಲ್ಲಿ ಇದನ್ನು 'ನೋದಕ'ವೆಂದು ಕರೆಯಬಹುದಾದರೂ, ಕಡಲ ಕೆಲಸದವರ ಬಾಯಲ್ಲಿ ನಿಂತಿರುವ ಮಾತು ಪ್ರೊಪೆಲ್ಲರು ಎಂದೇ ಆದುದರಿಂದ ನಾವೂ ಅದನ್ನೇ ಬಳಸುತ್ತೇವೆ.

ಹಡಗನ್ನು ನೋಡಿದವರು ಅದರ ಎತ್ತರವನ್ನು ಹೊಗಳುತ್ತಾರೆ, ಎಂಜಿನನ್ನು ಹೊಗಳುತ್ತಾರೆ. ನೀರಿನ ಕೆಳಗೆ ಕಾಣದಂತೆ ತಿರುಗುವ ಈ ಲೋಹದ ರೆಕ್ಕೆಗಳನ್ನು ನೆನೆಯುವವರು ಕಡಿಮೆ. ಆದರೆ ಎಂಜಿನು ಎಷ್ಟೇ ಬಲವುಳ್ಳದ್ದಾಗಿರಲಿ, ಆ ಬಲವು ನೀರಿಗೆ ತಲುಪುವುದು ಇದರ ಮೂಲಕವೇ. ಇದು ಸರಿಯಾಗಿದ್ದರೆ ಎಣ್ಣೆ ಉಳಿಯುತ್ತದೆ. ತಪ್ಪಾಗಿದ್ದರೆ ಹಣವು ನೀರುಪಾಲಾಗುತ್ತದೆ. ಮಂಜೇಶ್ವರದಿಂದ ಚೆರುವತ್ತೂರಿನವರೆಗಿನ ನಮ್ಮ ಕರಾವಳಿಯಲ್ಲಿ ದೋಣಿಯ ಎಂಜಿನನ್ನು ನಂಬಿ ಬಾಳುವ ಸಂಸಾರಗಳು ಅನೇಕವಿರುವುದರಿಂದ ಈ ವಿಷಯವು ನಮಗೆ ದೂರದ್ದಲ್ಲ. ಅದನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

1. ಪ್ರೊಪೆಲ್ಲರಿನ ಹುಟ್ಟು

ತಿರುಪಿನಿಂದ ನೀರನ್ನು ಸರಿಸಬಹುದೆಂಬುದು ಹಳೆಯ ಅರಿವು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸ್ ನಗರದಲ್ಲಿದ್ದ ಆರ್ಕಿಮಿಡೀಸನ ಹೆಸರಿನಿಂದ ಪ್ರಸಿದ್ಧವಾದ ತಿರುಪು ಯಂತ್ರವು ನೀರನ್ನು ಮೇಲಕ್ಕೆತ್ತಲು ಬಳಕೆಯಾಗುತ್ತಿತ್ತು. ಆದರೆ ಹಬೆಯ ಎಂಜಿನು ಬಂದ ಮೇಲೆ ಹಡಗುಗಳಿಗೆ ಮೊದಲು ಜೋಡಿಸಿದ್ದು ತಿರುಪನ್ನಲ್ಲ, ಎರಡು ಮಗ್ಗುಲಲ್ಲಿ ತಿರುಗುವ ದೊಡ್ಡ ಹಲಗೆ ಚಕ್ರಗಳನ್ನು. ಕಡಲು ಶಾಂತವಾಗಿದ್ದಾಗ ಅವು ಚೆನ್ನಾಗಿ ನಡೆಯುತ್ತಿದ್ದವು. ಅಲೆಯೆದ್ದು ಹಡಗು ಓಲಾಡಿದಾಗ ಒಂದು ಚಕ್ರವು ನೀರಿನಲ್ಲಿ ಮುಳುಗಿ ಇನ್ನೊಂದು ಗಾಳಿಯಲ್ಲಿ ತಿರುಗುತ್ತಿತ್ತು. ಯುದ್ಧನೌಕೆಗಳಲ್ಲಂತೂ ಶತ್ರುವಿನ ಒಂದೇ ಗುಂಡು ಚಕ್ರವನ್ನು ಮುರಿಯಬಹುದಾಗಿತ್ತು.

ಈ ತೊಡಕನ್ನು ಬಿಡಿಸಲು ಯತ್ನಿಸಿದವರು ಹಲವರು. ಆಸ್ಟ್ರಿಯದ ಯೋಸೆಫ್ ರೆಸ್ಸೆಲ್ ಎಂಬವನು ಅರಣ್ಯಾಧಿಕಾರಿ. ಆತನು 1827ರಲ್ಲಿ ಪೇಟೆಂಟನ್ನು ಪಡೆದು, 1829ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ತಿರುಪಿನ ಹಡಗನ್ನು ನಡೆಸಿ ತೋರಿಸಿದನು. ಹಬೆಯ ಕೊಳವೆಯೊಂದು ಕೆಟ್ಟುದರಿಂದ ಪೋಲೀಸರು ಪ್ರಯೋಗವನ್ನೇ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಕೃಷಿಕನೂ ಸ್ವೀಡನ್ ದೇಶದ ಜಾನ್ ಎರಿಕ್ಸನ್ ಎಂಬ ಎಂಜಿನಿಯರನೂ 1836ರಲ್ಲಿ ಬೇರೆಬೇರೆಯಾಗಿ ಪೇಟೆಂಟುಗಳನ್ನು ಪಡೆದರು. ಸ್ಮಿತ್‌ನು ತನ್ನ ದೋಣಿಗೆ ಎರಡು ಪೂರ್ಣ ಸುತ್ತುಗಳುಳ್ಳ ಮರದ ತಿರುಪನ್ನು ಜೋಡಿಸಿ ಕಾಲುವೆಯಲ್ಲಿ ಪರೀಕ್ಷಿಸುತ್ತಿದ್ದಾಗ ಅದು ಯಾವುದಕ್ಕೋ ತಾಗಿ ಸುಮಾರು ಅರ್ಧ ಭಾಗ ಮುರಿದುಹೋಯಿತು. ದೋಣಿಯು ನಿಲ್ಲುವುದರ ಬದಲು ಮೊದಲಿಗಿಂತ ವೇಗವಾಗಿ ಓಡತೊಡಗಿತು! ನೀರನ್ನು ತಳ್ಳಲು ಉದ್ದನೆಯ ತಿರುಪು ಬೇಕಾಗಿಲ್ಲ, ಅದರ ಒಂದು ತುಂಡು ಸಾಕೆಂಬ ತತ್ತ್ವವು ಹೀಗೆ ಬೆಳಕಿಗೆ ಬಂದಿತು. ಇಂದಿನ ಪ್ರೊಪೆಲ್ಲರಿನ ಒಂದೊಂದು ರೆಕ್ಕೆಯೂ ಅಂತಹ ತಿರುಪಿನ ಒಂದು ಸಣ್ಣ ತುಂಡೇ ಆಗಿದೆ. ಮುರಿದುದನ್ನು ಎಸೆಯದೆ ಏಕೆ ಹೀಗಾಯಿತೆಂದು ಕೇಳಿದವನಿಗೆ ಫಲ ದೊರೆಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕುದು.

ಸ್ಮಿತ್‌ನ ತತ್ತ್ವದಂತೆ 'ಆರ್ಕಿಮಿಡೀಸ್' ಎಂಬ ಹಡಗು 1838ರಲ್ಲಿ ನೀರಿಗಿಳಿಯಿತು. ಅದನ್ನು ಪರೀಕ್ಷಿಸಿ ನೋಡಿದ ಬ್ರೂನೆಲ್ ಎಂಬ ಪ್ರಸಿದ್ಧ ಎಂಜಿನಿಯರನು, ತಾನು ಕಟ್ಟುತ್ತಿದ್ದ 'ಗ್ರೇಟ್ ಬ್ರಿಟನ್' ಎಂಬ ಕಬ್ಬಿಣದ ಹಡಗಿಗೆ ಹಲಗೆ ಚಕ್ರಗಳನ್ನು ಕೈಬಿಟ್ಟು ಆರು ರೆಕ್ಕೆಗಳ ಪ್ರೊಪೆಲ್ಲರನ್ನು ಹಾಕಿಸಿದನು. 1843ರಲ್ಲಿ ನೀರಿಗಿಳಿದ ಆ ಹಡಗು 1845ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅದೇ 1845ರಲ್ಲಿ ಬ್ರಿಟಿಷ್ ನೌಕಾಪಡೆಯವರು, ಪ್ರೊಪೆಲ್ಲರುಳ್ಳ 'ರಾಟ್ಲರ್' ಮತ್ತು ಹಲಗೆ ಚಕ್ರಗಳುಳ್ಳ 'ಅಲೆಕ್ಟೋ' ಎಂಬ ಎರಡು ಹಡಗುಗಳ ಹಿಂಭಾಗಗಳನ್ನು ಹಗ್ಗದಿಂದ ಬಿಗಿದು ಹಗ್ಗಜಗ್ಗಾಟ ನಡೆಸಿದರು. ಎರಡೂ ಪೂರ್ಣಬಲದಿಂದ ಎಳೆದಾಗ ಅಲೆಕ್ಟೋ ಸೋತು ಸುಮಾರು ಎರಡೂವರೆ ನಾಟ್ ವೇಗದಲ್ಲಿ ಹಿಮ್ಮುಖವಾಗಿ ಎಳೆಯಲ್ಪಟ್ಟಿತು. ಅಂದಿನಿಂದ ಹಲಗೆ ಚಕ್ರದ ಕಾಲ ಮುಗಿಯುತ್ತ ಬಂದಿತೆನ್ನಬಹುದು.

2. ಅದು ಕೆಲಸ ಮಾಡುವ ಬಗೆ

ನಮ್ಮ ಮಕ್ಕಳು ತೆಂಗಿನ ಗರಿಯಿಂದ ಗಿರಿಗಿಟ್ಟಲೆಯನ್ನು ಮಾಡಿ ಗಾಳಿಗೆ ಹಿಡಿದು ಓಡುತ್ತಾರೆ. ಓರೆಯಾಗಿರುವ ಗರಿಗೆ ಗಾಳಿ ಬಡಿದುದರಿಂದ ಅದು ತಿರುಗುತ್ತದೆ. ಈಗ ಇದನ್ನು ತಲೆಕೆಳಗು ಮಾಡಿ ನೋಡೋಣ. ನಾವೇ ಬಲ ಹಾಕಿ ಓರೆಯಾದ ರೆಕ್ಕೆಗಳನ್ನು ತಿರುಗಿಸಿದರೆ ಗಾಳಿಯು ಒಂದು ಕಡೆಗೆ ನೂಕಲ್ಪಡುತ್ತದೆ. ಮನೆಯ ವಿದ್ಯುತ್ ಪಂಖವು ಹೀಗೆ ನಡೆಯುವಂಥದು. ಗಾಳಿಯ ಸ್ಥಾನದಲ್ಲಿ ನೀರನ್ನಿಟ್ಟರೆ ಅದೇ ಪ್ರೊಪೆಲ್ಲರು.

ಇದನ್ನು ಅರಿಯಲು ಎರಡು ಅಳತೆಗಳು ಮುಖ್ಯ. ಮೊದಲನೆಯದು ವ್ಯಾಸ, ಅಂದರೆ ರೆಕ್ಕೆಗಳ ತುದಿಗಳು ಬರೆಯುವ ವೃತ್ತದ ಅಡ್ಡಳತೆ. ಎರಡನೆಯದು ಪಿಚ್, ಅಂದರೆ ಮರದೊಳಗೆ ತಿರುಪುಮೊಳೆ ಇಳಿಯುವಂತೆ, ಜಾರದೆ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರು ಮುಂದೆ ಸಾಗಬೇಕಾದ ದೂರ. ನೀರು ಮರದಂತೆ ಗಟ್ಟಿಯಲ್ಲವಾದುದರಿಂದ ವಾಸ್ತವವಾಗಿ ಸಾಗುವ ದೂರವು ಇದಕ್ಕಿಂತ ಕಡಿಮೆ. ಈ ವ್ಯತ್ಯಾಸಕ್ಕೆ ಜಾರಿಕೆಯೆಂದು ಹೆಸರು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಪ್ರೊಪೆಲ್ಲರಿನ ಪಿಚ್ 0.6 ಮೀಟರು, ಅದು ನಿಮಿಷಕ್ಕೆ 600 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿರಿ. ಜಾರಿಕೆಯಿಲ್ಲದಿದ್ದರೆ ದೋಣಿಯು ನಿಮಿಷಕ್ಕೆ 360 ಮೀಟರು, ಗಂಟೆಗೆ 21.6 ಕಿಲೋಮೀಟರು ಸಾಗಬೇಕು. ಜಾರಿಕೆಯು ನೂರಕ್ಕೆ 30ರಷ್ಟಿದ್ದರೆ ವೇಗವು ಗಂಟೆಗೆ 15.12 ಕಿಲೋಮೀಟರಿಗೆ ಇಳಿಯುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು, ಆದುದರಿಂದ ಇದು ಸುಮಾರು 8 ನಾಟ್ ಆಯಿತು.

ಜಾರಿಕೆಯನ್ನು ಪೂರ್ತಿ ಇಲ್ಲದಂತೆ ಮಾಡಬಾರದೇ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಸಾಧ್ಯವಿಲ್ಲ. ನೀರು ಹಿಂದಕ್ಕೆ ಸರಿದರೆ ತಾನೇ ದೋಣಿಗೆ ಮುಂದಕ್ಕೆ ತಳ್ಳು ದೊರೆಯುವುದು? ಆದರೆ ಜಾಣತನಕ್ಕೆ ಇಲ್ಲೊಂದು ದಾರಿಯುಂಟು. ಎರಡು ಪಾಲು ನೀರನ್ನು ಒಂದು ಪಾಲು ವೇಗದಿಂದ ತಳ್ಳಿದರೂ, ಒಂದು ಪಾಲು ನೀರನ್ನು ಎರಡು ಪಾಲು ವೇಗದಿಂದ ತಳ್ಳಿದರೂ ದೊರೆಯುವ ಸಂವೇಗವು ಒಂದೇ. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಎರಡನೆಯ ವಿಧಾನಕ್ಕೆ ಇಮ್ಮಡಿ ಶಕ್ತಿ ವ್ಯಯವಾಗುತ್ತದೆ. ಹೀಗಾಗಿ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವುದೇ ಲಾಭಕರ. ಮಹಾನೌಕೆಗಳ ಪ್ರೊಪೆಲ್ಲರುಗಳು ಮನೆಯ ಪಂಖಕ್ಕಿಂತಲೂ ನಿಧಾನವಾಗಿ, ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲಿ ತಿರುಗುವುದಕ್ಕೆ ಕಾರಣವಿದೇ.

3. ಗುಳ್ಳೆಗಳ ಪೀಡೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಸದೊಂದು ತೊಡಕು ತಲೆದೋರಿತು. ಚಾರ್ಲ್ಸ್ ಪಾರ್ಸನ್ಸ್ ಎಂಬ ವಿಜ್ಞಾನಿಯು ಹಬೆಯ ಟರ್ಬೈನನ್ನು 'ಟರ್ಬೀನಿಯ' ಎಂಬ ನೌಕೆಗೆ ಜೋಡಿಸಿದಾಗ ಎಂಜಿನಿನಲ್ಲಿ ಬೇಕಾದಷ್ಟು ಬಲವಿದ್ದರೂ ನೌಕೆಯು ನಿರೀಕ್ಷಿಸಿದ ವೇಗದಲ್ಲಿ ಓಡಲಿಲ್ಲ. ಕಾರಣವನ್ನು ಶೋಧಿಸಲು ಆತನು 1895ರಲ್ಲಿ ಗಾಜಿನ ಕಿಟಕಿಯುಳ್ಳ ಒಂದು ಸಣ್ಣ ನೀರಿನ ಸುರಂಗವನ್ನು ಮಾಡಿ, ಅದರೊಳಗೆ ಚಿಕ್ಕ ಪ್ರೊಪೆಲ್ಲರನ್ನು ತಿರುಗಿಸಿ ನೋಡಿದನು.

ಕಂಡುದೇನೆಂದರೆ, ರೆಕ್ಕೆಯು ಅತಿ ವೇಗವಾಗಿ ತಿರುಗುವಾಗ ಅದರ ಬೆನ್ನಿನ ಕಡೆ ಒತ್ತಡವು ಬಹಳವಾಗಿ ಇಳಿದು ತಣ್ಣನೆಯ ನೀರು ತಣ್ಣಗಿರುವಂತೆಯೇ ಕುದಿದು ಹಬೆಯ ಗುಳ್ಳೆಗಳಾಗುತ್ತದೆ. ಬೆಟ್ಟದ ಮೇಲೆ ಗಾಳಿಯೊತ್ತಡ ಕಡಿಮೆಯಾದುದರಿಂದ ನೀರು ನೂರು ಡಿಗ್ರಿಗಿಂತ ಮೊದಲೇ ಕುದಿಯುವುದೆಂದು ನಾವು ಓದಿಲ್ಲವೇ? ಇದು ಅದರ ಮುಂದುವರಿದ ರೂಪ. ಈ ಗುಳ್ಳೆಗಳು ಹೆಚ್ಚು ಒತ್ತಡದ ಸ್ಥಳಕ್ಕೆ ಬಂದೊಡನೆ ಕುಸಿದು ಸುತ್ತಿಗೆಯ ಪೆಟ್ಟಿನಂತೆ ಲೋಹವನ್ನು ಬಡಿಯುತ್ತವೆ. ಕೋಟ್ಯಂತರ ಪೆಟ್ಟುಗಳು ಬಿದ್ದ ಮೇಲೆ ಗಟ್ಟಿ ಕಂಚು ಕೂಡ ಗೆದ್ದಲು ತಿಂದ ಹಲಗೆಯಂತೆ ಹುಳುಕಾಗುತ್ತದೆ. ಪಾರ್ಸನ್ಸನು ಒಂದರ ಬದಲು ಮೂರು ದಂಡಗಳನ್ನಿಟ್ಟು, ಒಂದೊಂದಕ್ಕೆ ಮೂರರಂತೆ ಒಂಬತ್ತು ಪ್ರೊಪೆಲ್ಲರುಗಳಿಗೆ ಬಲವನ್ನು ಹಂಚಿದನು. 1897ರಲ್ಲಿ ವಿಕ್ಟೋರಿಯ ರಾಣಿಯ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಟರ್ಬೀನಿಯವು ನೌಕಾಪಡೆಯ ಹಡಗುಗಳ ಸಾಲುಗಳ ನಡುವೆ ಓಡಿ ಎಲ್ಲರನ್ನೂ ಬೆರಗುಗೊಳಿಸಿತು. ಅದರ ವೇಗವು ಸುಮಾರು 34 ನಾಟ್.

ಇಂದಿಗೂ ಹೊಸ ಪ್ರೊಪೆಲ್ಲರುಗಳ ಮಾದರಿಗಳನ್ನು ಇಂತಹ ಸುರಂಗಗಳಲ್ಲಿ ಪರೀಕ್ಷಿಸುವ ಪದ್ಧತಿಯಿದೆ. ಗುಳ್ಳೆಗಳಿಂದ ಹೊರಡುವ ಸದ್ದು ಕಡಲೊಳಗೆ ಬಹುದೂರ ಹರಡಿ, ಸದ್ದಿನಿಂದಲೇ ಒಂದನ್ನೊಂದು ಕರೆಯುವ ತಿಮಿಂಗಿಲಗಳಿಗೆ ತೊಂದರೆಯನ್ನುಂಟುಮಾಡುತ್ತದೆ. ಅಂತಾರಾಷ್ಟ್ರೀಯ ಸಾಗರ ಸಂಘಟನೆಯು ಈ ಸದ್ದನ್ನು ತಗ್ಗಿಸಲು 2014ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ 2023ರಲ್ಲಿ ಅದನ್ನು ಪರಿಷ್ಕರಿಸಿತು. ಸದ್ದಿಲ್ಲದ ಪ್ರೊಪೆಲ್ಲರು ಬೇಕೆಂಬುದು ಈಗ ಉದ್ಯಮಕ್ಕೆ ಬಂದ ಹೊಸ ಬೇಡಿಕೆ.

4. ಎರಕದ ಮನೆಯಲ್ಲಿ

ಮೊದಲ ಕಾಲದ ಹಡಗುಗಳ ಪ್ರೊಪೆಲ್ಲರುಗಳು ಹೆಚ್ಚಾಗಿ ಕಬ್ಬಿಣದವು. ಉಪ್ಪುನೀರಿನಲ್ಲಿ ಕಬ್ಬಿಣವು ತುಕ್ಕು ಹಿಡಿಯುವುದರಿಂದ ತಾಮ್ರದ ಮಿಶ್ರಲೋಹಗಳು ಬಳಕೆಗೆ ಬಂದವು. ಇಂದು ದೊಡ್ಡ ಹಡಗುಗಳಿಗೆ ಹೆಚ್ಚಾಗಿ ಬಳಸುವುದು ನಿಕಲ್-ಅಲ್ಯುಮಿನಿಯಂ ಕಂಚು. ಇದರಲ್ಲಿ ನೂರಕ್ಕೆ ಸುಮಾರು 80 ಪಾಲು ತಾಮ್ರ. ಉಳಿದುದು ಅಲ್ಯುಮಿನಿಯಂ, ನಿಕಲ್, ಕಬ್ಬಿಣ ಮೊದಲಾದುವು. ಇದು ಗಟ್ಟಿ, ತುಕ್ಕಿಗೆ ಸುಲಭವಾಗಿ ಬಗ್ಗದು, ಪೆಟ್ಟಾದರೆ ಬೆಸುಗೆ ಹಾಕಿ ಸರಿಪಡಿಸಬಹುದು. ಹಳತಾದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು.

ತಯಾರಿಕೆಯ ಕ್ರಮವು ನಮ್ಮ ಕಂಚುಗಾರರು ಗಂಟೆ ದೀಪಗಳನ್ನು ಮಾಡುವ ಕ್ರಮಕ್ಕೆ ದೊಡ್ಡಣ್ಣನಂತಿದೆ. ಮೊದಲು ಹಡಗಿನ ಆಕಾರ, ಭಾರ, ವೇಗ, ಎಂಜಿನಿನ ಬಲ ಇವುಗಳನ್ನು ಲೆಕ್ಕಹಾಕಿ ರೆಕ್ಕೆಯ ರೂಪವನ್ನು ಗೊತ್ತುಮಾಡುತ್ತಾರೆ. ಬಳಿಕ ಮರಳಿನ ಅಚ್ಚನ್ನು ಸಿದ್ಧಪಡಿಸಿ, ಸಾವಿರ ಡಿಗ್ರಿಗಿಂತಲೂ ಹೆಚ್ಚು ಕಾದ ದ್ರವಲೋಹವನ್ನು ಅದರೊಳಗೆ ಹೊಯ್ಯುತ್ತಾರೆ. ದೊಡ್ಡ ಎರಕವು ಆರಲು ಹಲವು ದಿನಗಳು ಹಿಡಿಯುತ್ತವೆ. ಅನಂತರ ಯಂತ್ರದಿಂದ ಕಡೆದು, ಉಜ್ಜಿ, ಹೊಳಪು ಕೊಟ್ಟು, ಎಲ್ಲ ರೆಕ್ಕೆಗಳ ತೂಕವೂ ಸಮವಾಗಿರುವಂತೆ ನೋಡುತ್ತಾರೆ. ಒಂದು ರೆಕ್ಕೆ ಭಾರವಾದರೆ ಇಡೀ ಹಡಗು ನಡುಗುತ್ತದೆ. ಪ್ರೊಪೆಲ್ಲರುಗಳು ಎಷ್ಟರಮಟ್ಟಿಗೆ ನಿಖರವಾಗಿರಬೇಕೆಂಬುದಕ್ಕೆ ಅಂತಾರಾಷ್ಟ್ರೀಯ ಪ್ರಮಾಣಸಂಸ್ಥೆಯು ದರ್ಜೆಗಳನ್ನು ಗೊತ್ತುಪಡಿಸಿದೆ. ಹಡಗುಗಳ ಯೋಗ್ಯತೆಯನ್ನು ಪರೀಕ್ಷಿಸುವ ಸಂಸ್ಥೆಯ ಮುದ್ರೆ ಬಿದ್ದ ಮೇಲೆಯೇ ಅದು ಹಡಗಿಗೆ ಏರುವುದು.

2006ರಲ್ಲಿ ನೀರಿಗಿಳಿದ 'ಎಮ್ಮ ಮೇರ್ಸ್ಕ್' ಎಂಬ ಹಡಗಿನ ಪ್ರೊಪೆಲ್ಲರಿಗೆ ಆರು ರೆಕ್ಕೆಗಳು, ವ್ಯಾಸ 9.6 ಮೀಟರು, ತೂಕ 131 ಟನ್. ಮೂರು ಮಾಳಿಗೆಯ ಮನೆಯಷ್ಟು ಎತ್ತರವಾದ ಈ ವಸ್ತುವನ್ನು ಎರಕ ಹೊಯ್ದದ್ದು ಯಾವುದೋ ಮಹಾ ಬಂದರಿನಲ್ಲಲ್ಲ; ಜರ್ಮನಿಯ ಒಳನಾಡಿನಲ್ಲಿ ಸರೋವರದ ದಡದಲ್ಲಿರುವ ವಾರೆನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ. ಕೌಶಲವಿದ್ದಲ್ಲಿಗೆ ಲೋಕವೇ ಬರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

5. ಬೇಡಿಕೆ ಏಕೆ ಬೆಳೆಯುತ್ತಿದೆ?

ಲೋಕದ ವ್ಯಾಪಾರದ ಸರಕಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ಸಾಗುವುದು ಕಡಲ ಮೇಲೆ. ವಿಶ್ವಸಂಸ್ಥೆಯ ವ್ಯಾಪಾರ ವಿಭಾಗದ ಲೆಕ್ಕದಂತೆ 1970ರಲ್ಲಿ ಹಡಗುಗಳು ಸಾಗಿಸಿದ ಸರಕು ಸುಮಾರು 260 ಕೋಟಿ ಟನ್. 2023ರಲ್ಲಿ ಅದು 1,200 ಕೋಟಿ ಟನ್ನನ್ನು ಮೀರಿತ್ತು. ನಮ್ಮ ಅಡುಗೆಮನೆಯ ಎಣ್ಣೆ, ಅನಿಲ, ಹೊಲದ ಗೊಬ್ಬರ, ಕೈಯಲ್ಲಿರುವ ಫೋನು, ಇವುಗಳಲ್ಲಿ ಎಷ್ಟೋ ಭಾಗವು ಯಾವುದೋ ಪ್ರೊಪೆಲ್ಲರಿನ ಹಿಂದೆ ಹೊರಟ ನೀರಿನ ಋಣದಲ್ಲಿದೆ.

2023ರ ಆರಂಭದಲ್ಲಿ ಲೋಕದಲ್ಲಿ ವ್ಯಾಪಾರದ ಹಡಗುಗಳು ಒಂದು ಲಕ್ಷ ಐದು ಸಾವಿರಕ್ಕೂ ಹೆಚ್ಚಿದ್ದುವು. ಅವುಗಳ ಸರಾಸರಿ ವಯಸ್ಸು 22 ವರ್ಷಕ್ಕೆ ಮೇಲ್ಪಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಹಡಗುಗಳು 15 ವರ್ಷಗಳನ್ನು ದಾಟಿದ್ದುವು. ಮುದಿಯಾದ ಹಡಗನ್ನು ಒಡೆದು ಹೊಸತನ್ನು ಕಟ್ಟಲೇಬೇಕು. ಹೊಸ ಹಡಗಿಗೆ ಹೊಸ ಪ್ರೊಪೆಲ್ಲರು ಬೇಕೇಬೇಕು. ಇದು ಬೇಡಿಕೆಯ ಮೊದಲನೆಯ ಮೂಲ.

ಎರಡನೆಯದು ದುರಸ್ತಿ. ಬಂಡೆಗೆ ತಾಗಿ ಬಾಗಿದ, ಗುಳ್ಳೆಗಳಿಂದ ಹುಳುಕಾದ ರೆಕ್ಕೆಗಳನ್ನು ಸರಿಪಡಿಸುವ ಕೆಲಸವು ಪ್ರತಿಯೊಂದು ಬಂದರಿನಲ್ಲಿಯೂ ನಿತ್ಯ ನಡೆಯುವಂಥದು.

ಮೂರನೆಯದು ಮೀನುಗಾರಿಕೆ. ಆಹಾರ ಮತ್ತು ಕೃಷಿ ಸಂಘಟನೆಯ ಅಂದಾಜಿನಂತೆ 2022ರಲ್ಲಿ ಲೋಕದಲ್ಲಿದ್ದ ಮೀನುಗಾರಿಕೆಯ ದೋಣಿಗಳು ಸುಮಾರು 49 ಲಕ್ಷ. ಅವುಗಳಲ್ಲಿ ಮೂರನೆಯ ಎರಡು ಪಾಲು ಎಂಜಿನುಳ್ಳವು. ಮಹಾನೌಕೆಗಳ ಪ್ರೊಪೆಲ್ಲರು ತೂಕದಲ್ಲಿ ದೊಡ್ಡದು. ಎಣಿಕೆಯಲ್ಲಿ ದೊಡ್ಡವು ಬಡವರ ದೋಣಿಗಳ ಸಣ್ಣ ಪ್ರೊಪೆಲ್ಲರುಗಳೇ.

ನಾಲ್ಕನೆಯದೂ ಇಂದಿನ ಕಾಲದ ಮುಖ್ಯವಾದುದೂ ಎಣ್ಣೆಯ ಉಳಿತಾಯ. ಲೋಕದ ಮನುಷ್ಯಕೃತ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ ಸುಮಾರು 3 ಪಾಲು ಹಡಗುಗಳಿಂದ ಬರುತ್ತದೆ. ಅಂತಾರಾಷ್ಟ್ರೀಯ ಸಾಗರ ಸಂಘಟನೆಯು ಹೊಸ ಹಡಗುಗಳ ದಕ್ಷತೆಗೆ 2013ರಿಂದ ನಿಯಮವನ್ನು ವಿಧಿಸಿತು; 2023ರಿಂದ ಹಳೆಯ ಹಡಗುಗಳಿಗೂ ನಿಯಮಗಳು ಅನ್ವಯಿಸಿದುವು. 2050ರ ಸುಮಾರಿಗೆ ಹಡಗುಗಳಿಂದ ಹೊರಬೀಳುವ ಅನಿಲದ ನಿವ್ವಳ ಪ್ರಮಾಣವನ್ನು ಸೊನ್ನೆಗೆ ತರಬೇಕೆಂದು 2023ರಲ್ಲಿ ಗುರಿಯನ್ನೂ ಇಟ್ಟುಕೊಂಡಿತು.

ಇಲ್ಲಿ ಇನ್ನೊಂದು ಲೆಕ್ಕವು ಸ್ವಾರಸ್ಯವಾಗಿದೆ. ಹಡಗಿಗೆ ಬೇಕಾದ ಬಲವು ಸ್ಥೂಲವಾಗಿ ವೇಗದ ಘನವನ್ನು ಅನುಸರಿಸುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಇಳಿಸಿದರೆ ಬಲವು 0.9ರ ಘನ, ಅಂದರೆ 0.729ಕ್ಕೆ ಇಳಿಯುತ್ತದೆ, ಉಳಿತಾಯ ನೂರಕ್ಕೆ 27. ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿಯುವುದನ್ನು ಕಳೆದರೂ ಒಟ್ಟು ಎಣ್ಣೆಯಲ್ಲಿ ನೂರಕ್ಕೆ 19ರಷ್ಟು ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ಬಳಿಕ ಅನೇಕ ಹಡಗಿನ ಒಡೆಯರು ಹೀಗೆ ನಿಧಾನಗತಿಯನ್ನು ಹಿಡಿದರು. ಆದರೆ ಹೆಚ್ಚು ವೇಗಕ್ಕೆಂದು ಮಾಡಿದ ಪ್ರೊಪೆಲ್ಲರು ಕಡಿಮೆ ವೇಗಕ್ಕೆ ಹೊಂದುವುದಿಲ್ಲ. ಆದುದರಿಂದ ಚೆನ್ನಾಗಿಯೇ ಇದ್ದ ಪ್ರೊಪೆಲ್ಲರುಗಳನ್ನು ಕಳಚಿ ಹೊಸತನ್ನು ಹಾಕಿಸುವ ಕೆಲಸವು ಹುಟ್ಟಿತು. ಪ್ರೊಪೆಲ್ಲರಿನ ಗುಬ್ಬಿಯ ಹಿಂದೆ ಸಣ್ಣ ರೆಕ್ಕೆಗಳುಳ್ಳ ಟೊಪ್ಪಿಗೆಯೊಂದನ್ನು ಜೋಡಿಸಿ ಸುಳಿಯಲ್ಲಿ ಹಾಳಾಗುವ ಶಕ್ತಿಯನ್ನು ಉಳಿಸುವ ಉಪಾಯವನ್ನು ಜಪಾನಿನವರು 1987ರಲ್ಲಿ ಮಾರುಕಟ್ಟೆಗೆ ತಂದರು; ಅದು ಸಾವಿರಾರು ಹಡಗುಗಳಲ್ಲಿ ನೆಲೆಯೂರಿದೆ.

ಆದರೂ ಈ ಉದ್ಯಮದ ಬೆಳವಣಿಗೆಯು ಏರುವ ಮೆಟ್ಟಿಲಿನಂತಲ್ಲ, ಕಡಲ ಅಲೆಯಂತೆ ಎಂಬುದನ್ನು ಮರೆಯಬಾರದು. ವ್ಯಾಪಾರ ಕುಗ್ಗಿದರೆ ಹಡಗುಗಳ ಬೇಡಿಕೆ ಕುಗ್ಗುತ್ತದೆ. ಎರಕದ ಮನೆಗಳಲ್ಲಿ ಒಲೆ ಆರುತ್ತದೆ. 2008ರ ಬಳಿಕ ಹೀಗಾಯಿತು. 2021ರಲ್ಲಿ ಪೆಟ್ಟಿಗೆ ಹಡಗುಗಳಿಗೆ ಬೇಡಿಕೆ ಮತ್ತೆ ಏರಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದುದರಿಂದ ಅನೇಕ ಹಡಗುಗಳು ಆಫ್ರಿಕವನ್ನು ಸುತ್ತಿಹೋಗಬೇಕಾಯಿತು; ದಾರಿ ಉದ್ದವಾದಾಗ ಅದೇ ಸರಕಿಗೆ ಹೆಚ್ಚು ಹಡಗುಗಳು ಬೇಕಾಗುತ್ತವೆ. ತಾಮ್ರ ಮತ್ತು ನಿಕಲ್‌ನ ಬೆಲೆ ಏರಿದರೆ ಪ್ರೊಪೆಲ್ಲರಿನ ಬೆಲೆಯೂ ಏರುತ್ತದೆ.

6. ಯಾರು ತಯಾರಿಸುತ್ತಾರೆ?

ಹಡಗು ಕಟ್ಟುವ ಕೆಲಸದಲ್ಲಿ ಚೀನ, ದಕ್ಷಿಣ ಕೊರಿಯ ಮತ್ತು ಜಪಾನ್ ಈ ಮೂರು ದೇಶಗಳು ಲೋಕದ ನೂರಕ್ಕೆ 90 ಪಾಲಿಗೂ ಹೆಚ್ಚನ್ನು ವಹಿಸಿಕೊಂಡಿವೆ. ಹಡಗಿನ ಕಾರ್ಖಾನೆಯಿದ್ದ ಕಡೆ ಪ್ರೊಪೆಲ್ಲರಿನ ಕಾರ್ಖಾನೆಯೂ ಬೆಳೆಯುವುದು ಸಹಜ. ಜಪಾನಿನ ಒಕಾಯಾಮದಲ್ಲಿ 1926ರಲ್ಲಿ ಆರಂಭವಾದ ನಕಾಶಿಮ ಕಂಪೆನಿ, ಕೊರಿಯದ ಹ್ಯುಂಡೈ, ಜರ್ಮನಿಯ ವಾರೆನ್ ಊರಿನ ಎಂ.ಎಂ.ಜಿ., ಫಿನ್ಲೆಂಡಿನ ವಾರ್ಟ್ಸಿಲ, ನಾರ್ವೆಯ ಕಾಂಗ್ಸ್‌ಬರ್ಗ್ ಮುಂತಾದುವು ಈ ಕ್ಷೇತ್ರದಲ್ಲಿ ಹೆಸರಾದುವು.

ಪ್ರೊಪೆಲ್ಲರಿನ ಜಾತಿಗಳೂ ಹೆಚ್ಚಿವೆ. ರೆಕ್ಕೆಯ ಓರೆಯನ್ನು ಓಡುತ್ತಿರುವಾಗಲೇ ಬದಲಿಸಬಲ್ಲವು, ಕೊಳವೆಯೊಳಗೆ ತಿರುಗುವವು, ಚುಕ್ಕಾಣಿಯೇ ಬೇಡವೆಂಬಂತೆ ಸುತ್ತಲೂ ತಿರುಗಿ ಹಡಗನ್ನು ನಡೆಸುವವು ಹೀಗೆ ಹಲವು. ವಿದ್ಯುತ್ ಮೋಟಾರನ್ನು ನೀರಿನ ಕೆಳಗಿನ ಗೂಡಿನಲ್ಲಿಟ್ಟು ಪ್ರೊಪೆಲ್ಲರನ್ನು ತಿರುಗಿಸುವ ವಿಧಾನವನ್ನು ಫಿನ್ಲೆಂಡಿನಲ್ಲಿ 1990ರಲ್ಲಿ ಮೊದಲು ಹಡಗಿಗೆ ಜೋಡಿಸಲಾಯಿತು. 2017ರಲ್ಲಿ ನೆದರ್ಲೆಂಡ್ಸಿನ ರೋಟರ್ಡಾಮಿನಲ್ಲಿ, ಎರಕವೇ ಇಲ್ಲದೆ, ಯಂತ್ರತೋಳಿನಿಂದ ಬೆಸುಗೆಯ ಲೋಹವನ್ನು ಪದರದ ಮೇಲೆ ಪದರವಾಗಿ ಇಟ್ಟು 1.35 ಮೀಟರು ವ್ಯಾಸದ ಪ್ರೊಪೆಲ್ಲರನ್ನು ರಚಿಸಿದರು. ಪರೀಕ್ಷಕ ಸಂಸ್ಥೆಯ ಮಾನ್ಯತೆಯೂ ಅದಕ್ಕೆ ದೊರೆಯಿತು.

7. ನಮ್ಮ ದೇಶ, ನಮ್ಮ ಕರಾವಳಿ

ಸ್ವತಂತ್ರ ಭಾರತದಲ್ಲಿ ಕಟ್ಟಿ ನೀರಿಗಿಳಿಸಿದ 'ಜಲ ಉಷಾ' ಹಡಗನ್ನು 1948ರಲ್ಲಿ ವಿಶಾಖಪಟ್ಟಣದಲ್ಲಿ ಪಂಡಿತ ನೆಹರೂರವರು ಕಡಲಿಗೆ ಬಿಟ್ಟರು. ಕೊಚ್ಚಿಯ ಹಡಗುಕಟ್ಟೆಯು 1972ರಲ್ಲಿ ಸ್ಥಾಪಿತವಾಗಿ 1981ರಲ್ಲಿ 'ರಾಣಿ ಪದ್ಮಿನಿ'ಯನ್ನು ಕಟ್ಟಿಕೊಟ್ಟಿತು. ಅಲ್ಲಿಯೇ ಸಿದ್ಧವಾದ ವಿಮಾನವಾಹಕ ನೌಕೆ 'ವಿಕ್ರಾಂತ್' 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿತು. ಕನ್ನಡ ಕರಾವಳಿಯ ಮಲ್ಪೆಯಲ್ಲಿದ್ದ ಹಡಗುಕಟ್ಟೆಯನ್ನು ಕೊಚ್ಚಿಯ ಸಂಸ್ಥೆಯು 2020ರಲ್ಲಿ ವಹಿಸಿಕೊಂಡು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ನಡೆಸುತ್ತಿದೆ. 2023ರಲ್ಲಿ ನಾರ್ವೆಯ ಕಂಪೆನಿಯೊಂದು ಆರು ಸರಕು ಹಡಗುಗಳನ್ನು ಕಟ್ಟಿಕೊಡುವಂತೆ ಅದಕ್ಕೆ ಬೇಡಿಕೆ ಸಲ್ಲಿಸಿತು. ಆದರೂ ಲೋಕದ ಹಡಗು ನಿರ್ಮಾಣದಲ್ಲಿ ಭಾರತದ ಪಾಲು ನೂರಕ್ಕೆ ಒಂದನ್ನೂ ಮುಟ್ಟಿಲ್ಲ. ಈ ಕೊರತೆಯನ್ನು ನೀಗಲು 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಕೇರಳದ ಮೀನುಗಾರಿಕೆಗೆ ಎಂಜಿನು ಬಂದ ಕಥೆಯು 1952ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರೆಯಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯಿಂದ ಮೊದಲಾಗುತ್ತದೆ. ಈಗ ಅದೇ ಕೇರಳದಲ್ಲಿ ಎಣ್ಣೆಯನ್ನೇ ಬೇಡದ ದೋಣಿಗಳೂ ಓಡುತ್ತಿವೆ. ವೈಕಂನಲ್ಲಿ 2017ರ ಜನವರಿಯಲ್ಲಿ ಬಿಸಿಲಿನಿಂದ ನಡೆಯುವ 'ಆದಿತ್ಯ' ದೋಣಿಯೂ, 2023ರ ಏಪ್ರಿಲಿನಲ್ಲಿ ಕೊಚ್ಚಿಯ ಜಲ ಮೆಟ್ರೋ ದೋಣಿಗಳೂ ಸೇವೆಗೆ ಬಂದುವು. ಎಣ್ಣೆ ಹೋಗಿ ವಿದ್ಯುತ್ತು ಬಂದರೂ ಪ್ರೊಪೆಲ್ಲರು ಹೋಗಲಿಲ್ಲವೆಂಬುದು ಗಮನಾರ್ಹ. ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯು ಮಿತವಾದುದರಿಂದ ಅಲ್ಲಿ ಒಳ್ಳೆಯ ಪ್ರೊಪೆಲ್ಲರಿನ ಬೆಲೆ ಇನ್ನೂ ಹೆಚ್ಚು.

ದೋಣಿಯುಳ್ಳ ಪೋಷಕರಿಗೆ ಇಲ್ಲಿ ನಾಲ್ಕು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯ. ಒಂದು: ಎಂಜಿನಿಗೂ ದೋಣಿಯ ಭಾರಕ್ಕೂ ಹೊಂದುವ ಪ್ರೊಪೆಲ್ಲರನ್ನೇ ಹಾಕಿಸಬೇಕು, ಪಿಚ್ ಅತಿಯಾದರೆ ಎಂಜಿನು ಏದುಸಿರು ಬಿಡುತ್ತದೆ, ಕಡಿಮೆಯಾದರೆ ಬರಿದೇ ಓಡಿ ಎಣ್ಣೆ ಕುಡಿಯುತ್ತದೆ. ಎರಡು: ರೆಕ್ಕೆಗೆ ಅಂಟಿದ ಪಾಚಿ ಚಿಪ್ಪುಗಳನ್ನು ಆಗಾಗ ಕೆರೆದು ಶುಚಿಮಾಡಬೇಕು, ಬಾಗಿದ ತುದಿಯನ್ನು ಸರಿಪಡಿಸಬೇಕು. ಮೂರು: ಉಪ್ಪುನೀರಿನಲ್ಲಿ ಕಂಚೂ ಉಕ್ಕೂ ಜೊತೆಯಿದ್ದರೆ ಬ್ಯಾಟರಿಯಂತೆ ವಿದ್ಯುತ್ತು ಹುಟ್ಟಿ ಉಕ್ಕು ಸವೆಯುತ್ತದೆ, ಅದರ ಬದಲಿಗೆ ತಾನು ಸವೆಯಲೆಂದು ಕಟ್ಟುವ ಸತುವಿನ ಗಟ್ಟಿಯು ಕರಗಿದೊಡನೆ ಹೊಸತನ್ನು ಹಾಕಬೇಕು. ನಾಲ್ಕು, ಎಲ್ಲಕ್ಕಿಂತ ಮುಖ್ಯ: ಬಲೆ ಸುತ್ತಿಕೊಂಡಾಗ ಎಂಜಿನನ್ನು ಪೂರ್ತಿ ನಿಲ್ಲಿಸದೆ ಯಾರೂ ಪ್ರೊಪೆಲ್ಲರಿನ ಬಳಿಗೆ ಕೈಯೊಯ್ಯಬಾರದು. ಈಜುವ ಮಕ್ಕಳು ಎಂಜಿನು ನಡೆಯುತ್ತಿರುವ ದೋಣಿಯ ಹಿಂಭಾಗಕ್ಕೆ ಸುಳಿಯಲೇಬಾರದು. ಕಳೆದುಹೋದ ಬಲೆಯನ್ನು ಮತ್ತೆ ಕೊಳ್ಳಬಹುದು, ಬೆರಳನ್ನು ಕೊಳ್ಳಲಾಗದು.

8. ವಿದ್ಯಾರ್ಥಿಗಳಿಗೆ

ಈ ಉದ್ಯಮಕ್ಕೆ ಬೇಕಾದವರು ದೊಡ್ಡ ಪದವೀಧರರು ಮಾತ್ರವೇ ಎಂದು ಭಾವಿಸಬೇಡಿರಿ. ನೌಕಾಶಿಲ್ಪವನ್ನು ಕಲಿತು ಲೆಕ್ಕಹಾಕುವವರು ಬೇಕು. ಅಚ್ಚು ಕಟ್ಟುವವರು, ಎರಕ ಹೊಯ್ಯುವವರು, ಕಡೆಯುವವರು, ಬೆಸುಗೆ ಹಾಕುವವರು, ಅಳೆದು ಪರೀಕ್ಷಿಸುವವರು ಬೇಕು. ಖರಗಪುರದ ಐ.ಐ.ಟಿ.ಯಲ್ಲಿ ನೌಕಾಶಿಲ್ಪದ ಶಿಕ್ಷಣವು 1952ರಿಂದ ನಡೆದುಬಂದಿದೆ. ಕೈಕಸಬಿನ ತರಬೇತಿಗೆ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳಿವೆ. ಯಾವ ದಾರಿಯನ್ನು ಹಿಡಿದರೂ ಬುನಾದಿಯು ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನವೇ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂತಹ ಕೆಲಸಗಳಲ್ಲಿ ಹಿಂದುಳಿದಾರೆಂಬ ಅಂಜಿಕೆ ಕೆಲವು ಪೋಷಕರಲ್ಲಿದೆ. ಮೇಲಿನ ಲೆಕ್ಕಗಳನ್ನೆಲ್ಲ ನಾವು ಕನ್ನಡದಲ್ಲಿಯೇ ಮಾಡಿದೆವು, ಉತ್ತರವೇನೂ ಬದಲಾಗಲಿಲ್ಲ. ಜರ್ಮನಿಯವರು ಜರ್ಮನಿನಲ್ಲಿ, ಜಪಾನಿನವರು ಜಪಾನಿಯಲ್ಲಿ ತಮ್ಮ ಮಕ್ಕಳಿಗೆ ಇದೇ ನಿಯಮಗಳನ್ನು ಕಲಿಸುತ್ತಾರೆ. ವಿಷಯವನ್ನು ಮೊದಲು ತಾಯ್ನುಡಿಯಲ್ಲಿ ಚೆನ್ನಾಗಿ ಅರಿತವನಿಗೆ ಮುಂದೆ ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಕಲಿಯುವುದು ಕೆಲವು ತಿಂಗಳುಗಳ ಶ್ರಮ. ಅರಿಯದೆ ಬಾಯಿಪಾಠ ಮಾಡಿದವನಿಗೆ ಯಾವ ಭಾಷೆಯೂ ನೆರವಾಗದು. ಒಬ್ಬ ಕೃಷಿಕನೂ ಒಬ್ಬ ಅರಣ್ಯಾಧಿಕಾರಿಯೂ ಹಡಗಿನ ಚರಿತ್ರೆಯನ್ನು ತಿರುಗಿಸಿದರೆಂಬುದನ್ನು ನೆನೆದು, ಉಪ್ಪಳ, ಶಿರಿಯ, ಚಂದ್ರಗಿರಿ ಹೊಳೆಗಳ ದಡದಲ್ಲಿ ಬೆಳೆಯುವ ನಮ್ಮ ಮಕ್ಕಳು ನೀರನ್ನು ನೋಡುವಾಗ ಪ್ರಶ್ನೆಗಳನ್ನು ಕೇಳುವವರಾಗಲೆಂದು ಹಾರೈಸುತ್ತೇವೆ.

ಅಭ್ಯಾಸ

1. ತೆಂಗಿನ ಗರಿಯ ಎರಡು ಗಿರಿಗಿಟ್ಟಲೆಗಳನ್ನು ಮಾಡಿರಿ. ಒಂದರ ರೆಕ್ಕೆ ಹೆಚ್ಚು ಓರೆಯಾಗಿಯೂ ಇನ್ನೊಂದರದು ಕಡಿಮೆ ಓರೆಯಾಗಿಯೂ ಇರಲಿ. ಒಂದೇ ಗಾಳಿಯಲ್ಲಿ ಎರಡನ್ನೂ ಹಿಡಿದು, ಕಂಡ ವ್ಯತ್ಯಾಸವನ್ನು ಬರೆಯಿರಿ.

2. ಪಿಚ್ 0.5 ಮೀಟರು, ನಿಮಿಷಕ್ಕೆ 800 ಸುತ್ತು, ಜಾರಿಕೆ ನೂರಕ್ಕೆ 25 ಆದರೆ ದೋಣಿಯ ವೇಗವೆಷ್ಟು? (ಉತ್ತರ: ಗಂಟೆಗೆ 18 ಕಿಲೋಮೀಟರು.)

3. ವೇಗವನ್ನು ಅರ್ಧಕ್ಕೆ ಇಳಿಸಿದರೆ ಹಡಗಿಗೆ ಬೇಕಾದ ಬಲವು ಮೊದಲಿನ ಎಷ್ಟನೆಯ ಒಂದು ಪಾಲಾಗುತ್ತದೆ? (ಉತ್ತರ: ಎಂಟನೆಯ ಒಂದು ಪಾಲು.)

4. ತಣ್ಣನೆಯ ನೀರು ಪ್ರೊಪೆಲ್ಲರಿನ ಬೆನ್ನಿನಲ್ಲಿ ಕುದಿಯುವುದೇಕೆ? ಅದರಿಂದಾಗುವ ಹಾನಿಗಳಾವುವು?

5. ನಿಮ್ಮ ಊರಿನ ಸಮೀಪದಲ್ಲಿ ದೋಣಿಯುಳ್ಳವರಿದ್ದರೆ ಹಿರಿಯರ ಜೊತೆಗೆ ಹೋಗಿ, ದಡದಲ್ಲಿ ಎಂಜಿನು ನಿಂತಿರುವಾಗ ಅವರ ಪ್ರೊಪೆಲ್ಲರನ್ನು ನೋಡಿ, ರೆಕ್ಕೆಗಳನ್ನೆಣಿಸಿ, ವ್ಯಾಸವನ್ನು ಅಳೆದು, ಚಿತ್ರ ಬರೆದು ತರಗತಿಗೆ ತನ್ನಿರಿ.